ಗುಜರಿಯಿಂದ ಕುಲುಮೆಗೆ: ದುರ್ಗದ ಸೀಮೆಯಲ್ಲಿ ಒಂದು ಸುತ್ತು

ಕಮ್ಮಾರಿಕೆಯನ್ನು ಹವ್ಯಾಸವಾಗಿ ಕಲಿಯಬೇಕೆನ್ನುವವರು ಮೊದಲು ಮಾಡುವ ಕೆಲಸವೆಂದರೆ ಮೊಬೈಲಿನಲ್ಲಿ ಅಡಿಗಲ್ಲಿನ ಬೆಲೆ ನೋಡುವುದು. ನೋಡಿದವರಲ್ಲಿ ಅರ್ಧ ಜನ ಅಲ್ಲಿಗೇ ಆಸೆ ಬಿಡುತ್ತಾರೆ. ಒಂದು ಕಡೆ ಕೊಂಬು ಚಾಚಿಕೊಂಡ ವಿಲಾಯಿತಿ ಮಾದರಿಯ ಅಡಿಗಲ್ಲು ಚಿತ್ರದಲ್ಲಿ ಬಲು ಚೆಂದ. ಆದರೆ ಚಿತ್ರದುರ್ಗದ ಸುತ್ತಿನ ಹಳ್ಳಿ ಕುಲುಮೆಗಳಲ್ಲಿ ಅದನ್ನು ಕಂಡವರು ಕಡಿಮೆ. ಇಲ್ಲಿ ಕುಡುಗೋಲು, ಮಚ್ಚು, ಗುದ್ದಲಿ, ಹಾರೆ ಎಲ್ಲವೂ ಹುಟ್ಟುವುದು ನೆಲದಲ್ಲೋ ಮರದ ದಿಮ್ಮಿಯಲ್ಲೋ ಹೂತ ಚೌಕ ಉಕ್ಕಿನ ಗಟ್ಟಿಯ ಮೇಲೆ, ಇಲ್ಲವೇ ಲಾರಿಯ ಆಕ್ಸಲ್ ತುಂಡಿನ ಮೇಲೆ. ಹೊಸಬನೊಬ್ಬ ಇಂಥ ಸಾಮಾನನ್ನು ಎಲ್ಲಿ ಹುಡುಕಬೇಕು, ಕಲಿಸುವವರು ಸಿಗುತ್ತಾರೆಯೇ ಎಂದು ನೋಡಲು ದುರ್ಗದಿಂದ ಹೊರಟು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತುವ ದಾರಿ ಹಿಡಿದೆ.

ಶುರು ಕೋಟೆಯಿಂದಲೇ. ಬಂದವರೆಲ್ಲ ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ, ಮದ್ದು ಬೀಸುವ ಕಲ್ಲು ನೋಡಿ ಇಳಿದುಹೋಗುತ್ತಾರೆ. ಕಬ್ಬಿಣದ ಹುಚ್ಚು ಹತ್ತಿದವರು ಇನ್ನೊಂದನ್ನು ನೋಡಬೇಕು: ಬಂಡೆಗಳ ಮೈಮೇಲೆ ಸಾಲಾಗಿ ತೋಡಿದ ಗುಳಿಗಳು. ಗುಳಿಗೆ ಬೆಣೆ ಬಡಿದು ಬಂಡೆ ಸೀಳಿದ ಗುರುತುಗಳಿವು. ದುರ್ಗದ ಬಂಡೆಯ ಮೇಲೆ ಉಳಿಯ ಮೊನೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೊಂಡಾದದ್ದನ್ನು ಕಾಯಿಸಿ, ಹಣಿದು, ನೀರು ಕುಡಿಸಿ ಮತ್ತೆ ಕಲ್ಲುಕುಟಿಗನ ಕೈಗೆ ಕೊಡುತ್ತಲೇ ಇರಬೇಕು. ಏಳು ಸುತ್ತಿನ ಕೋಟೆ ಏಳುವಾಗ ಅದರ ಬುಡದಲ್ಲಿ ಎಷ್ಟು ಕುಲುಮೆಗಳು ಹಗಲಿಡೀ ಉರಿದಿರಬೇಕು! 1779ರಲ್ಲಿ ಮದಕರಿ ನಾಯಕ ಹೈದರಾಲಿಯ ಕೈಗೆ ಸಿಕ್ಕ ಕಥೆ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಉಳಿ ಹಣಿದವರ ಸುದ್ದಿಯನ್ನು ಮಾತ್ರ ಯಾವ ಗೈಡೂ ಎತ್ತುವುದಿಲ್ಲ.

ಈ ಸೀಮೆಗೆ ಕಬ್ಬಿಣ ನಾಯಕರ ಕಾಲದಲ್ಲಿ ಬಂದದ್ದೂ ಅಲ್ಲ. ಕೋಟೆಯ ಮಗ್ಗುಲಿನ ಚಂದ್ರವಳ್ಳಿಯಲ್ಲೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಬ್ರಹ್ಮಗಿರಿಯ ಬೃಹತ್ ಶಿಲಾ ಸಮಾಧಿಗಳಲ್ಲಿ ಸತ್ತವರ ಜೊತೆಗೆ ಕಬ್ಬಿಣದ ಸಾಮಾನುಗಳನ್ನೂ ಇಟ್ಟು ಕಳಿಸಿದ್ದರು.

ಕೋಟೆ ಇಳಿದು ಪೇಟೆಗೆ ಬಂದರೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುತ್ತಿಗೆ, ಅರ, ಇಕ್ಕಳ ಎಲ್ಲವೂ ಹೊಸದಾಗಿ ಸಿಗುತ್ತವೆ. ಸುತ್ತಿಗೆಯನ್ನು ಅಂಗಡಿಯಲ್ಲೇ ಕೊಳ್ಳಬಹುದು; ಒಂದು ಕಿಲೋ ತೂಕದ್ದು ಸಾಕು. ಭಾರದ ಸುತ್ತಿಗೆ ಎತ್ತಿದರೆ ಕೆಲಸ ಬೇಗ ಆಗುತ್ತದೆಂಬುದು ಭ್ರಮೆ, ಸಂಜೆಗೆ ಮೊಣಕೈ ಹಿಡಿದುಕೊಳ್ಳುತ್ತದೆ ಅಷ್ಟೆ. ಅಂಗಡಿಯ ಇಕ್ಕಳ ಪ್ಲಂಬರನಿಗೆ ಆದೀತು, ಕುಲುಮೆಗೆ ಆಗದು. ಕೆಂಪಗೆ ಕಾದದ್ದನ್ನು ಹಿಡಿಯಲು ಮೊಳದುದ್ದದ ಹಿಡಿ ಬೇಕು, ಹಿಡಿಯುವ ಸರಳಿನ ದಪ್ಪಕ್ಕೆ ತಕ್ಕ ಬಾಯಿ ಬೇಕು. ಅದನ್ನು ಕಮ್ಮಾರರೇ ತಮಗಾಗಿ ಮಾಡಿಕೊಳ್ಳುತ್ತಾರೆ. ನಾಲ್ಕು ಬಗೆಯ ಬಾಯಿಯ ಇಕ್ಕಳ ಇಲ್ಲದ ಕುಲುಮೆಯೇ ಇಲ್ಲ.

ಉಳಿದದ್ದಕ್ಕೆಲ್ಲ ಗುಜರಿ ಅಂಗಡಿಯೇ ಗತಿ. ಹೊಸಬರಿಗೆ ಅಲ್ಲಿ ತುಕ್ಕು ಹಿಡಿದ ರಾಶಿ ಮಾತ್ರ ಕಾಣುತ್ತದೆ. ಸ್ವಲ್ಪ ಹೊತ್ತು ನಿಂತು ನೋಡಿದರೆ ಒಂದು ಕುಲುಮೆಗೆ ಬೇಕಾದದ್ದೆಲ್ಲ ಅದರಲ್ಲೇ ಇದೆ. ಲಾರಿಯ ಬ್ರೇಕ್ ಡ್ರಮ್ಮು ಒಲೆಗೆ ಹೇಳಿಮಾಡಿಸಿದ್ದು: ಅಡಿಯ ತೂತಿಗೆ ಒಂದು ಕಬ್ಬಿಣದ ಪೈಪು ಸೇರಿಸಿ ಬ್ಲೋವರ್ ಕೂಡಿಸಿದರೆ ಮುಗಿಯಿತು. ಆಕ್ಸಲ್ ಶಾಫ್ಟಿನ ತಲೆ ಅಡಿಗಲ್ಲಾಗುತ್ತದೆ. ಉದ್ದದ ತುದಿಯನ್ನು ನೆಲದಲ್ಲಿ ಹೂತು ಅಗಲದ ತಲೆಯನ್ನು ಮೇಲೆ ಬಿಟ್ಟರೆ ಏಟು ನೇರ ಭೂಮಿಗಿಳಿಯುತ್ತದೆ. ಸವೆದ ರೋಟವೇಟರ್ ಬ್ಲೇಡು, ಹಳೇ ಬೇರಿಂಗಿನ ಬಳೆ, ಹಲ್ಲು ಹೋದ ಅರ, ಇವೆಲ್ಲ ಒಳ್ಳೆಯ ಉಕ್ಕು. ಯಾವುದು ಉಕ್ಕು, ಯಾವುದು ಮೆದು ಕಬ್ಬಿಣ ಎಂಬುದಕ್ಕೆ ಗ್ರೈಂಡರಿನ ಕಿಡಿಯೇ ಸಾಕ್ಷಿ. ಮೆದು ಕಬ್ಬಿಣದ ಕಿಡಿ ಉದ್ದಕ್ಕೆ ನೇರ ಗೆರೆಯಾಗಿ ಹಾರುತ್ತದೆ. ಇಂಗಾಲ ಹೆಚ್ಚಿದ್ದರೆ ಕಿಡಿ ಹತ್ತಿರದಲ್ಲೇ ಒಡೆದು ಕವಲು ಕವಲಾಗುತ್ತದೆ. ಶೇಕಡಾ ಒಂದರಷ್ಟು ಇಂಗಾಲವಿರುವ ಬೇರಿಂಗಿನ ಬಳೆಯನ್ನು ಹಿಡಿದು ನೋಡಿ, ದೀಪಾವಳಿ ನೆನಪಾಗುತ್ತದೆ.

ರಾಶಿಯಲ್ಲಿ ಮುಟ್ಟಬಾರದ್ದೂ ಇದೆ. ಮನೆಯ ನೀರಿನ ಜಿಐ ಪೈಪು, ತಗಡು, ಬೋಲ್ಟು, ಅಂದರೆ ಸತುವಿನ ಲೇಪ ಇರುವ ಯಾವುದನ್ನೂ ಬೆಂಕಿಗೆ ಹಾಕಕೂಡದು. ಸತು 907 ಡಿಗ್ರಿಗೆ ಕುದಿಯುತ್ತದೆ, ಕುಲುಮೆಯ ಕಾವು ಅದಕ್ಕಿಂತ ಮೇಲೆ. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ, ಎದೆ ಬಿಗಿಯುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ, ಅವರಿಗೆ ಎಲ್ಲವೂ ಕಿಲೋ ಲೆಕ್ಕ.

ದುರ್ಗದಿಂದ ಹೊಳಲ್ಕೆರೆಗೆ ಸುಮಾರು ಮೂವತ್ತು ಕಿಲೋಮೀಟರು. ಹೊಳಲ್ಕೆರೆ ಅಂದಕೂಡಲೇ ಚಾವಣಿಯಿಲ್ಲದೆ ಬಿಸಿಲು ಮಳೆಗೆ ಮೈಯೊಡ್ಡಿ ಕೂತ ಬಯಲು ಗಣಪತಿಯ ನೆನಪು. ನನ್ನ ನೆನಪಿಗೆ ಬರುವುದು ಅದಿರು ತುಂಬಿ ಟಾರ್ಪಾಲು ಹೊದ್ದ ಲಾರಿಗಳು. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆಯ ಗುಡ್ಡಗಳ ಒಡಲಲ್ಲಿ ಕಬ್ಬಿಣದ ಅದಿರಿದೆ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಬೆನ್ನಿಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಈ ರಸ್ತೆಗಳ ಧೂಳು ಒಮ್ಮೆಲೇ ಇಳಿದಿತ್ತು. ಆಮೇಲೆ ಹಂತಹಂತವಾಗಿ ಮತ್ತೆ ಶುರುವಾಯಿತು. ಸೋಜಿಗವೆಂದರೆ ಕಾಲಡಿಯಲ್ಲೇ ಇಷ್ಟು ಅದಿರಿದ್ದರೂ ಇಲ್ಲಿನ ಕಮ್ಮಾರ ಕಬ್ಬಿಣಕ್ಕಾಗಿ ಹೋಗುವುದು ಗುಜರಿ ಅಂಗಡಿಗೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಪಕ್ಕದ ಮಧುಗಿರಿ, ಚನ್ನರಾಯದುರ್ಗದ ಕಡೆ ಹಳ್ಳಿಯವರೇ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಕೈಗಳಿಗೆ ಕೆಲಸ ತಪ್ಪಿಸಿದ್ದು ಹಡಗಿನಲ್ಲಿ ಬಂದ ಅಗ್ಗದ ಸರಳು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸತೊಡಗುವ ಹೊತ್ತಿಗೆ ಹಳ್ಳಿಯ ಕರಗಿಸುವ ಕುಲುಮೆಗಳು ಹೆಚ್ಚುಕಡಿಮೆ ಆರಿಹೋಗಿದ್ದವು. ಉಳಿದದ್ದು ಬಡಿಯುವ ಕುಲುಮೆ.

ಅಂಥದೊಂದು ಕುಲುಮೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸಿಕ್ಕಿತು. ತಗ್ಗು ಮಾಡಿನ ಕತ್ತಲೆ ಕೊಟ್ಟಿಗೆ. ಕತ್ತಲೆ ಬಡತನದ್ದಲ್ಲ, ಬೇಕೆಂದೇ ಇಟ್ಟುಕೊಂಡದ್ದು. ಬಿಸಿಲಿನಲ್ಲಿ ಕಬ್ಬಿಣದ ಬಣ್ಣ ಕಾಣದು. ಮಂದ ಕೆಂಪು, ಕಿತ್ತಳೆ, ಹಳದಿ ಎಂದು ಬಣ್ಣ ಓದಿಯೇ ಕೆಲಸ ನಡೆಯಬೇಕು. ಯಜಮಾನರಿಗೆ ಎಪ್ಪತ್ತರ ಆಸುಪಾಸು. ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಚರ್ಮದ ತಿದಿ ಮೂಲೆ ಸೇರಿ ಅದರ ಜಾಗಕ್ಕೆ ಕೈಯಲ್ಲಿ ತಿರುಗಿಸುವ ಬ್ಲೋವರ್ ಬಂದಿದೆ.

"ಆಚಾರ್ರೇ, ನಾನೂ ಒಂದೇಟು ಹಾಕ್ಲಾ?" ಎಂದೆ.

"ಹಾಕೀರಂತೆ, ಕುಂತ್ಕಳ್ರಿ. ಮೊದ್ಲು ಚಕ್ರ ತಿರುವ್ರಿ. ಬಡಿಯೋದೇನು, ಯಾರಾದ್ರೂ ಬಡೀತಾರೆ. ಬೆಂಕಿ ನೋಡೋದು ಕಲೀಬೇಕು."

ಬಸವಣ್ಣನವರೂ ಒಂದು ವಚನದಲ್ಲಿ ಕಮ್ಮಾರನನ್ನು ಗುರುತಿಸುವುದು ಕಬ್ಬಿಣ ಕಾಯಿಸುವ ಕೆಲಸದಿಂದ, ಬಡಿಯುವುದರಿಂದಲ್ಲ. ಚಕ್ರ ತಿರುವುತ್ತ ಕೂತರೆ ಅದರ ಅರ್ಥ ಬಿಚ್ಚುತ್ತದೆ. ಗಾಳಿ ಹೆಚ್ಚಾದರೆ ಇದ್ದಿಲು ಸುಮ್ಮನೆ ಉರಿದುಹೋಗುತ್ತದೆ, ಕಬ್ಬಿಣದ ಮೈಮೇಲೆ ಹೊಪ್ಪಳೆ ಏಳುತ್ತದೆ. ಕಡಿಮೆಯಾದರೆ ಕಾವೇ ಏರದು. ಕಬ್ಬಿಣವನ್ನು ಗಾಳಿ ಬರುವ ಬಾಯಿಗೆ ಒತ್ತಿ ಇಡಬಾರದು, ಮೇಲೆ ತೇಲಿಸಲೂಬಾರದು. ಕೆಂಡದ ನಡುಮಟ್ಟದಲ್ಲಿ ಹುದುಗಿಸಬೇಕು. ಆಗಾಗ ಕಿಟ್ಟ ಕೆದಕಿ ತೆಗೆಯಬೇಕು. ಸುಮಾರು ಸಾವಿರ ಡಿಗ್ರಿಯ ಕಿತ್ತಳೆ ಬಣ್ಣದಲ್ಲಿ ಹೊರತೆಗೆದರೆ ಹೇಳಿದಂತೆ ಕೇಳುತ್ತದೆ. ಮರೆತು ಬಿಟ್ಟರೆ ಬಿಳಿಯಾಗಿ ಮತಾಪಿನ ಕಿಡಿ ಉಗುಳತೊಡಗುತ್ತದೆ. ಆಗ ಸುಟ್ಟಿತೆಂದೇ ಲೆಕ್ಕ, ಆ ತುದಿಯನ್ನು ಕಡಿದು ಎಸೆಯಬೇಕು.

ಅವತ್ತು ಕಲ್ಲು ಒಡೆಯುವವರ ಉಳಿಗಳ ಒಂದು ಕಂತೆ ಬಂದಿತ್ತು. ಯಜಮಾನರು ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಚಿಕ್ಕ ಸುತ್ತಿಗೆ ಹಿಡಿದರು. ಎದುರಿಗೆ ಮಗ ಸಮ್ಮಟಿಗೆ ಹಿಡಿದು ನಿಂತ. ಚಿಕ್ಕ ಸುತ್ತಿಗೆ ಎಲ್ಲಿ ತಾಗಿತೋ ಅಲ್ಲೇ ಸಮ್ಮಟಿಗೆ ಬೀಳಬೇಕು. ಸುತ್ತಿಗೆ ಬರಿಯ ಅಡಿಗಲ್ಲನ್ನು ಟಣ್ ಎಂದು ತಟ್ಟಿದರೆ ನಿಲ್ಲಿಸಬೇಕು. ಅಪ್ಪ ಮಗನ ನಡುವೆ ಒಂದು ಮಾತೂ ಇಲ್ಲ. ಮೊನೆ ಹಣಿದಾದ ಮೇಲೆ ನಿಜವಾದ ಕೆಲಸ ಬಂತು, ಹದ ಕೊಡುವುದು.

ಉಳಿಯ ತುದಿಯನ್ನು ಮತ್ತೆ ಕೆಂಪಗೆ ಕಾಯಿಸಿ, ಹೆಬ್ಬೆರಳುದ್ದದಷ್ಟನ್ನೇ ನೀರಿಗೆ ಅದ್ದಿ ಮೇಲಕ್ಕೂ ಕೆಳಕ್ಕೂ ಆಡಿಸಿದರು. ಒಂದೇ ಕಡೆ ಹಿಡಿದರೆ ನೀರಿನ ಗೆರೆಯಲ್ಲೇ ಬಿರುಕು ಬಿಡುತ್ತದಂತೆ. ತುದಿ ಕಪ್ಪಾಯಿತು, ಹಿಂದಿನ ಭಾಗ ಇನ್ನೂ ಮಂದವಾಗಿ ಹೊಳೆಯುತ್ತಿತ್ತು. ತಕ್ಷಣ ಇಟ್ಟಿಗೆ ಚೂರಿನಿಂದ ತುದಿಯನ್ನು ತಿಕ್ಕಿ ಬೆಳ್ಳಗೆ ಮಾಡಿದರು. "ಈಗ ನೋಡ್ರಿ, ಬಣ್ಣ ಓಡುತ್ತೆ." ಹಿಂದೆ ಉಳಿದ ಕಾವು ಮೆಲ್ಲಗೆ ಮೊನೆಯ ಕಡೆಗೆ ಹರಿಯತೊಡಗಿತು. ಬೆಳ್ಳಗಿನ ಲೋಹದ ಮೇಲೆ ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. ಪಟ್ಟೆಪಟ್ಟೆಯಾಗಿ ಮುಂದೆ ಸರಿದವು. ಹಳದಿ ಅಂದರೆ ಸುಮಾರು 220–230 ಡಿಗ್ರಿ, ನೀಲಿ ಅಂದರೆ 300ರ ಹತ್ತಿರ. ಮೊನೆಗೆ ಕಂದು ಕಳೆದು ನೇರಳೆ ತಾಗಿದ್ದೇ ತಡ, ಇಡೀ ಉಳಿ ನೀರಿಗೆ ಬಿತ್ತು. ಹಳದಿಯಲ್ಲೇ ನಿಲ್ಲಿಸಿದ್ದರೆ ಮೊನೆ ಅತಿ ಗಟ್ಟಿಯಾಗಿ ಕಲ್ಲಿಗೆ ಬಡಿದಾಗ ಮುರಿಯುತ್ತಿತ್ತು. ನೀಲಿ ದಾಟಿಸಿದ್ದರೆ ಮೆದುವಾಗಿ ಬಾಗುತ್ತಿತ್ತು. ಬೇಕಾದ ಬಣ್ಣ ಮೊನೆಯ ಮೇಲೆ ನಿಲ್ಲುವುದು ಒಂದೆರಡು ಉಸಿರಿನಷ್ಟು ಹೊತ್ತು. ಥರ್ಮಾಮೀಟರು ಹುಡುಕುವಷ್ಟರಲ್ಲಿ ಕಳೆದುಹೋಗಿರುತ್ತದೆ.

ಚಕ್ರ ತಿರುವಿ ಕೈ ಸೋತ ಮೇಲೆ ನನ್ನ ಪಾಲಿಗೂ ಒಂದು ಸರಳು ಬಂತು. ಕಟ್ಟಡಕ್ಕೆ ಹಾಕುವ ಟಿಎಂಟಿ ಕಂಬಿಯ ತುಂಡು. ಅದರಲ್ಲಿ ಇಂಗಾಲ ಶೇಕಡಾ 0.3ಕ್ಕಿಂತ ಹೆಚ್ಚಿರುವುದಿಲ್ಲ, ಅಲಗು ನಿಲ್ಲುವಷ್ಟು ಗಟ್ಟಿಯಾಗದು. ಆದರೆ ಕೊಕ್ಕೆ, ಮೊಳೆ, ಕುಣಿಕೆ ಮಾಡಿ ಕೈ ಪಳಗಿಸಲು ಅದಕ್ಕಿಂತ ಅಗ್ಗದ್ದಿಲ್ಲ, ಕೆಟ್ಟರೂ ಸಂಕಟವಿಲ್ಲ. ಕಲಿಯುವವರು ಚಾಕುವಿನಿಂದಲ್ಲ, ಗೋಡೆಯ ಕೊಕ್ಕೆಯಿಂದ ಶುರು ಮಾಡಲಿ ಎಂಬುದು ಯಜಮಾನರ ಮಾತು. ನನಗೂ ಅದೇ ಸರಿಯೆನಿಸಿತು.

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ರೈಲ್ವೆ ಜಂಕ್ಷನ್. ರೈಲಿನ ಹಳಿ ನೋಡಿದರೆ ಹವ್ಯಾಸಿಗಳ ಕೈ ತುರಿಸುತ್ತದೆ, ಏಕೆಂದರೆ ಹಳಿಯ ತುಂಡಿನಷ್ಟು ಒಳ್ಳೆಯ ಅಡಿಗಲ್ಲು ಬೇರಿಲ್ಲ. ಮುಖ್ಯ ಮಾರ್ಗದ ಹಳಿ ಮೀಟರಿಗೆ 60 ಕಿಲೋ ತೂಗುತ್ತದೆ, ಒಂದಡಿ ತುಂಡು ಎಂದರೆ 18 ಕಿಲೋ. ಆದರೆ 1966ರ ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯ್ದೆ ಇದೆ. ಕದ್ದ ಹಳಿಯ ತುಂಡು ಮನೆಯಲ್ಲಿ ಸಿಕ್ಕರೆ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ರೈಲ್ವೆ ಹರಾಜಿನಲ್ಲಿ ಕೊಂಡ ವ್ಯಾಪಾರಿಯಿಂದ, ಬಿಲ್ಲು ಪಡೆದು ಮಾತ್ರ ತನ್ನಿ. ಬಿಲ್ಲು ಇಲ್ಲ ಅಂದರೆ ಆಕ್ಸಲ್ಲೇ ಸಾಕು.

ಹೊಸದುರ್ಗದ ಕಡೆ ತಿರುಗಿದರೆ ತೆಂಗು, ಅಡಿಕೆ. ಅಂಗಡಿ ಮುಂದೆ ತೂಗುಬಿಟ್ಟ ಸಾಮಾನಿನ ರೂಪವೂ ಬದಲಾಗುತ್ತದೆ: ಎಳನೀರು ಕೊಚ್ಚುವ ಅಗಲದ ಮಚ್ಚು, ಕಾಯಿ ಸುಲಿಯುವ ಮೊನೆ, ಗಳದ ತುದಿಗೆ ಸಿಗಿಸುವ ಬಾಗಿದ ಕತ್ತಿ. ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಯ ಮಚ್ಚಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಬೆನ್ನು ದಪ್ಪ, ಬಾಯಿ ತೆಳು, ತೂಕವೆಲ್ಲ ಮುಂಭಾಗಕ್ಕೆ. ಅಂಥದೊಂದನ್ನು ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದು ಹವ್ಯಾಸಿಗೆ ಪಠ್ಯಪುಸ್ತಕ ಕೊಂಡಷ್ಟೇ ಲಾಭ.

ಹೊಸದುರ್ಗದಲ್ಲಿ ಹುಡುಕಬೇಕಾದದ್ದು ಬೆಂಕಿಯ ಸಾಮಾನು. ತೆಂಗಿನ ಚಿಪ್ಪಿನ ಇದ್ದಿಲು ಈ ಸೀಮೆಯ ಸರಕು. ಗಂಧಕದ ಕಾಟವಿಲ್ಲ, ಹೊಗೆ ಕಡಿಮೆ, ಕಾವು ಜೋರು. ಒಂದೇ ತೊಂದರೆ, ಗಾಳಿ ಒಂದೇ ಸಮ ಬೀಳದಿದ್ದರೆ ಮಂಕಾಗುತ್ತದೆ. ಜಾಲಿಯ ಇದ್ದಿಲಿನ ಜೊತೆ ಬೆರೆಸಿದರೆ ಹೊಸಬರಿಗೆ ಅನುಕೂಲ. ಪೇಟೆಯವರು ಹುಡುಕುವ ಕಲ್ಲಿದ್ದಲಿಗಿಂತ ಇದೇ ಮೇಲು. ಕಲ್ಲಿದ್ದಲಿನ ಹಳದಿ ಹೊಗೆಯನ್ನು ಅಕ್ಕಪಕ್ಕದ ಮನೆಯವರು ಎಷ್ಟು ದಿನ ಸಹಿಸಿಯಾರು? ಇದೇ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು, ಬುಕಾನನ್ನನ ಬರಹದಲ್ಲೂ ಆ ಊರು ಬರುತ್ತದೆ. ಇಲ್ಲಿನವರಿಗೆ ಬೆಂಕಿ ಹೊಸದಲ್ಲ.

ಅಲ್ಲಿಂದ ವಾಣಿವಿಲಾಸ ಸಾಗರದ ಮಗ್ಗುಲಲ್ಲಿ ಹಿರಿಯೂರಿಗೆ. 1898ರಿಂದ 1907ರವರೆಗೆ ವೇದಾವತಿಗೆ ಅಡ್ಡ ಕಟ್ಟಿದ ಕಲ್ಲಿನ ಅಣೆಕಟ್ಟು ಇದು. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬೀಳಲು 2022 ಬರಬೇಕಾಯಿತು. ಹಿರಿಯೂರಿನ ಗುಣವೇ ಬೇರೆ. ಬೆಂಗಳೂರು–ಪುಣೆ ಹೆದ್ದಾರಿಗೆ ಬಳ್ಳಾರಿ–ಮೈಸೂರು ಕಡೆಯ ರಸ್ತೆ ಕೂಡುವ ಊರು, ಲಾರಿಗಳ ಊರು. ಹೆದ್ದಾರಿಯ ಬದಿಯ ಗ್ಯಾರೇಜುಗಳಲ್ಲಿ ಕಮಾನ್ ಪಟ್ಟಿ ಕೆಲಸದವರು ಇದ್ದಾರೆ. ಮುರಿದ ಸ್ಪ್ರಿಂಗ್ ಪಟ್ಟಿಗಳು ಅಲ್ಲಿ ಕಟ್ಟಿಗೆಯ ಹಾಗೆ ಒಟ್ಟಿರುತ್ತವೆ. ಅದರಲ್ಲಿ ಇಂಗಾಲ ಶೇಕಡಾ 0.6ರ ಆಸುಪಾಸು, ಜೊತೆಗೆ ಸಿಲಿಕಾನ್. ನಮ್ಮ ಮಚ್ಚು ಕತ್ತಿಗಳ ಬಹುಪಾಲು ಉಕ್ಕು ಇದೇ. ಇದನ್ನು ನೀರಿಗೆ ಅದ್ದಿದರೆ ಬಿರುಕು ಬಿಡುವ ಭಯ, ಎಣ್ಣೆಯಲ್ಲಿ ಆರಿಸಬೇಕು. ಅಯಸ್ಕಾಂತ ಹಿಡಿಯದಷ್ಟು ಕಾದು, ಅದಕ್ಕಿಂತ ಒಂದು ಛಾಯೆ ಮೇಲೇರಿದಾಗ ಅದ್ದುವುದು. ಸುಮಾರು 770 ಡಿಗ್ರಿಗೆ ಕಬ್ಬಿಣ ಅಯಸ್ಕಾಂತದ ಹಂಗು ತೊರೆಯುತ್ತದೆ, ಹೀಗಾಗಿ ಬಣ್ಣ ಓದಲು ಬಾರದವರಿಗೂ ಒಂದು ಆಸರೆ ಇದೆ. ಕೊಳ್ಳುವಾಗ ಪಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಬೇಕು. ವರ್ಷಗಟ್ಟಲೆ ಭಾರ ಹೊತ್ತದ್ದರ ಒಳಗೆ ಕೂದಲೆಳೆಯ ಬಿರುಕುಗಳಿರುತ್ತವೆ, ಕಾಯಿಸಿ ಬಡಿದ ಮೇಲೆ ಬಾಯಿ ಬಿಡುತ್ತವೆ.

ಚಾಕು ಚೂರಿಯ ಆಸೆಯಿಂದ ಬರುವ ಹುಡುಗರಿಗೆ ಒಂದು ಮಾತು. ಮನೆ, ಹೊಲ, ಕಾರ್ಖಾನೆಯ ಬಳಕೆಗಲ್ಲದ, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು, ಜೊತೆಗೆ ಕತ್ತಿ, ಕಠಾರಿ, ಭರ್ಜಿ ಎಲ್ಲವೂ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿವೆ. ಸಿನಿಮಾದ ಖಡ್ಗ ಮಾಡಿ ಮೊಬೈಲಿನಲ್ಲಿ ಹಾಕಿದರೆ ಮನೆಗೆ ಬರುವವರು ಅಭಿಮಾನಿಗಳಲ್ಲ. ಕುಡುಗೋಲು ಮಾಡಿ, ಯಾರೂ ಕೇಳುವುದಿಲ್ಲ.

ಊರ ಹೊರಗಿನ ಬಯಲಿನಲ್ಲಿ ಕೆಲವೊಮ್ಮೆ ಉತ್ತರದ ಕಡೆಯಿಂದ ಬಂದ ಅಲೆಮಾರಿ ಕಮ್ಮಾರರ ಗುಡಾರ ಕಾಣುತ್ತದೆ. ಗಂಡಸು ಇಕ್ಕಳ ಹಿಡಿದು ಕೂತಿರುತ್ತಾನೆ, ಹೆಂಗಸು ನಿಂತು ಸಮ್ಮಟಿಗೆ ಬೀಸುತ್ತಾಳೆ. ನೆಲದಲ್ಲಿ ತೋಡಿದ ಗುಂಡಿ, ಒಂದು ಪೈಪು, ಒಂದು ಗಟ್ಟಿ, ಎರಡು ಸುತ್ತಿಗೆ. ಸಾಮಾನು ಇಷ್ಟೇ. ಅಡಿಗಲ್ಲಿನ ಬೆಲೆ ನೋಡಿ ಹಿಂದೆ ಸರಿದವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ಕಲಿಕೆಯ ಪ್ರಶ್ನೆ ಸಾಮಾನಿನಷ್ಟು ಸುಲಭದ್ದಲ್ಲ. ಹವ್ಯಾಸಿಗೆಂದು ಕಮ್ಮಾರಿಕೆ ಕಲಿಸುವ ಶಾಲೆ ಈ ನಾಲ್ಕೂ ಊರುಗಳಲ್ಲಿ ನನಗೆ ಸಿಗಲಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ: ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಸಾಲ. ಆದರೆ ಅದು ಕಸುಬನ್ನೇ ನಂಬಿದವರಿಗೆ, ಬಿಡುವಿನ ಖಯಾಲಿಗೆ ಬಂದ ನಮ್ಮಂಥವರಿಗಲ್ಲ, ಆಗಲೂಬಾರದು. ಒಂದು ಕಾಲಕ್ಕೆ ಊರಿನ ಆಯಗಾರನಾಗಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳು ತರುತ್ತಿದ್ದ ಕಮ್ಮಾರನಿಗೆ ನೇಗಿಲ ಕುಳ ಹಣಿಯುವುದೇ ವರ್ಷದ ಅನ್ನ. ಟ್ರ್ಯಾಕ್ಟರು ಬಂದು ಕುಳ ಹೋಯಿತು, ಕುಳದ ಜೊತೆ ಆಯವೂ ಹೋಯಿತು. ಹೊಳಲ್ಕೆರೆಯ ಆ ಯಜಮಾನರ ಮೊಮ್ಮಗ ಡಿಪ್ಲೊಮಾ ಓದುತ್ತಿದ್ದಾನೆ, ಕುಲುಮೆಗೆ ಕಾಲಿಡುವುದಿಲ್ಲ. ಅವನು ಬಿಟ್ಟು ಹೋಗುತ್ತಿರುವುದನ್ನು ನಾವು ಖುಷಿಗೆ ಕಲಿಯಲು ಬರುತ್ತೇವೆ. ಇದರಲ್ಲಿ ನಗುವಂಥದ್ದೂ ಇದೆ, ನಾಚುವಂಥದ್ದೂ ಇದೆ. ಆದರೂ ಕಲಿಯುವವರು ಬಂದರೆ ಯಜಮಾನರಿಗೆ ಬೇಸರವಿಲ್ಲ. ಪುಕ್ಕಟೆ ಕಲಿಸಿ ಅಂದರೆ ಮಾತ್ರ ಬೇಸರ.

ಹಾಗಾಗಿ ಹೋಗುವವರು ಗಿರಾಕಿಯಾಗಿ ಹೋಗಿ. ಮೊದಲು ಒಂದು ಇಕ್ಕಳ ಮಾಡಿಕೊಡಲು ಹೇಳಿ. ಅದು ತಯಾರಾಗುವುದನ್ನು ಪಕ್ಕದಲ್ಲಿ ಕೂತು ನೋಡುವುದೇ ಮೊದಲ ಪಾಠ, ಸಾಮಾನೂ ಆಯಿತು. ಯುಗಾದಿಯಿಂದ ಮುಂಗಾರು ಬಿತ್ತನೆಯ ತನಕ ರೈತರು ಮುಗಿಬೀಳುತ್ತಾರೆ, ಆಗ ಕಲಿಸಲು ಪುರುಸೊತ್ತಿರುವುದಿಲ್ಲ; ಬಿತ್ತನೆ ಮುಗಿದ ಮೇಲೆ ಹೋಗಿ. ಅಮಾವಾಸ್ಯೆಯ ದಿನ ಕುಲುಮೆ ಹೊತ್ತಿಸುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಬೇಡ, ಹತ್ತಿ ಬಟ್ಟೆ, ಮುಚ್ಚಿದ ಚರ್ಮದ ಚಪ್ಪಲಿ, ಕಣ್ಣಿಗೆ ಕನ್ನಡಕ ಇರಲಿ. ದಿನದ ಕೊನೆಗೆ ಪೇಟೆಯ ವೆಲ್ಡರನಿಗೆ ಎಷ್ಟು ಕೂಲಿ ಕೊಡುತ್ತೀರೋ ಅದಕ್ಕೆ ಒಂದು ರೂಪಾಯಿಯೂ ಕಡಿಮೆಯಾಗದಂತೆ ಯಜಮಾನರ ಕೈಗಿಡಿ.